ದುರ್ಗಾದೇವಿಯವರ ಕೊರಳ ಮಣಿ

ಮಸ್ಕಿ, ಸಿಂಧನೂರು, ಲಿಂಗಸುಗೂರು ಸೀಮೆಯಲ್ಲಿ ಇಂದು ಕೈಯಿಂದ ಒಡವೆ ಮಾಡುವ ಹೆಣ್ಣುಮಕ್ಕಳ ಪೈಕಿ ಶ್ರೀಮತಿ ದುರ್ಗಾದೇವಿಯವರ ಕೈಕೆಳಗೆ ಪಳಗದವರನ್ನು ಹುಡುಕಹೊರಟರೆ ಚಪ್ಪಲಿ ಸವೆಯುತ್ತದೆ. ಚಿನ್ನದ ಹಂಗಿಲ್ಲದೆ ರೇಷ್ಮೆ ದಾರ, ಭತ್ತದ ಕಾಳು, ಮಣ್ಣು ಇವುಗಳಿಂದಲೇ ಮದುಮಗಳ ಕೊರಳು ತುಂಬಬಹುದೆಂದು ತೋರಿಸಿಕೊಟ್ಟ ಅವರು ನಮ್ಮ ತರಬೇತಿ ಕೇಂದ್ರದಿಂದ ನಿವೃತ್ತರಾಗಿರುವ ಈ ಹೊತ್ತಿನಲ್ಲಿ, ಅವರ ಶಿಷ್ಯೆಯಾಗಿ, ಅವರ ಕುರ್ಚಿಗೆ ಬಂದವಳಾಗಿ ಈ ಅಭಿನಂದನಾ ಪುಸ್ತಕಕ್ಕೆ ನಾನು ಬರೆಯುವ ಮಾತಿನಲ್ಲಿ ಸಂತೋಷದಷ್ಟೇ ಭಯವೂ ಇದೆ. ಅದನ್ನು ಮುಚ್ಚಿಡಲಾರೆ.

ಪಾಮನಕಲ್ಲೂರಿನಲ್ಲಿ ಹುಟ್ಟಿದ ಅವರು ಮೊದಲು ಲಿಂಗಸುಗೂರಿನಲ್ಲಿ ರೇಷ್ಮೆ ದಾರದ ಬಳೆ ಕಲಿಸಿದರು. ಸಿಂಧನೂರಿಗೆ ವರ್ಗವಾದಾಗ ಗೊರೇಬಾಳದ ಗದ್ದೆಗಳಿಂದ ಭತ್ತ ತರಿಸಿ, ಕಾಳಿಗೆ ಕಾಳು ಅಂಟಿಸಿ ಜುಮುಕಿ ಮಾಡಿಸಿದರು. ಆ ಜುಮುಕಿಗಳನ್ನು ಇಲಿ ತಿಂದ ಕತೆ ಹೇಳಿ ಇಂದಿಗೂ ನಗುತ್ತಾರೆ. ಕೊನೆಗೆ ಮಸ್ಕಿಗೆ ಬಂದು ಮಣ್ಣಿಗೆ ಕೈಯಿಟ್ಟರು. ಮುದಗಲ್ಲಿನಿಂದ ಬಸ್ಸು ಹಿಡಿದು ಬರುತ್ತಿದ್ದ ನಾನು ಅವರನ್ನು ಕಂಡದ್ದು ಅಲ್ಲಿಯೇ. ನಮಗೆಲ್ಲ ಅವರು ಅಕ್ಕಾರು.

ಮಣ್ಣನ್ನು ನೀರಿನಲ್ಲಿ ಕದಡಿ ಹಳೆಯ ಸೀರೆಯಲ್ಲಿ ಸೋಸುವುದು ನಮ್ಮ ಮೊದಲ ಕೆಲಸ. ಸಾವಿರಾರು ವರ್ಷಗಳ ಹಿಂದೆ ಜನ ಬಾಳಿ ಮಣ್ಣಾದ ಮಸ್ಕಿ ಗುಡ್ಡದ ಬುಡದ ಮಣ್ಣಾದ್ದರಿಂದ, ಎಂದೋ ಯಾರದೋ ಕೊರಳಲ್ಲಿದ್ದ ಮಣಿ ಬಟ್ಟೆಯ ಮೇಲೆ ಉಳಿಯುವುದುಂಟು. ಅದನ್ನು ಹೊತ್ತು ಮುಳುಗುವುದರೊಳಗೆ, ಮಣ್ಣು ತೆಗೆದ ಗುಂಡಿಗೇ ಹಾಕಿ ಬರಬೇಕೆಂಬುದು ಅಕ್ಕಾರ ಕಟ್ಟಳೆ. ಹೊಟ್ಟಿನ ಬೆಂಕಿಯಲ್ಲಿ ಸುಟ್ಟ ಹೊಸ ಮಣಿಗಳನ್ನು ನಾಲಿಗೆಗೆ ಮುಟ್ಟಿಸಿ ನೋಡುವುದು ನನ್ನ ಪಾಲಿನ ಕೆಲಸ. ಸರಿಯಾಗಿ ಬೇಯದ ಮಣಿ ನಾಲಿಗೆಗೆ ಅಂಟುತ್ತದೆ. ರಂಜಾನಿನಲ್ಲಿ ನಾನು ರೋಜಾ ಇರುತ್ತಿದ್ದೆ. ನಾನು ಬಾಯಿಬಿಟ್ಟು ಕೇಳುವ ಮೊದಲೇ ಅಕ್ಕಾರು ನನ್ನ ಮಣಿ ತಟ್ಟೆಯನ್ನು ತಮ್ಮ ಮುಂದೆ ಎಳೆದುಕೊಂಡು, ತಿಂಗಳಿಡೀ ನನ್ನ ಬದಲು ತಾವೇ ಮಣಿ ನೋಡುತ್ತಿದ್ದರು. ಇಂಥದನ್ನು ಉಪಕಾರವೆಂದು ಅವರು ತಿಳಿದವರೇ ಅಲ್ಲ.

ಅಂಥದೊಂದು ರಂಜಾನಿನಲ್ಲಿ ಗೊರೇಬಾಳದ ಮೇಘಾ ಎಂಬ ಹೊಸ ಹುಡುಗಿ, ಬಟ್ಟೆಯ ಮೇಲೆ ಉಳಿದ ಬಿಳಿಗೆರೆಯ ಮಣಿಯೊಂದು ಚೆಂದವಿದೆಯೆಂದು ಗುಂಡಿಗೆ ಹಾಕದೆ, ನಮ್ಮ ಸುಟ್ಟ ಮಣಿಗಳೊಡನೆ ತಟ್ಟೆಗೆ ಬೆರೆಸಿಬಿಟ್ಟಳು. ಒಂದೊಂದೇ ಮಣಿ ನೋಡುತ್ತ ಬಂದ ಅಕ್ಕಾರ ನಾಲಿಗೆಯನ್ನು ಅದು ಹಿಡಿಯಿತು. ಕಿತ್ತು ನನ್ನ ಅಂಗೈಗಿಟ್ಟರು. ಈಗಷ್ಟೇ ಯಾರೋ ಕೊರಳಿಂದ ಬಿಚ್ಚಿ ಕೊಟ್ಟಂತೆ ಬೆಚ್ಚಗಿತ್ತು.

“ಇದು ನಮ್ಮದಲ್ಲ,” ಎಂದರು. “ಉಳಿದ ಸರ ಎಲ್ಲಿ ಅಂತ ಕೇಳಾಕತ್ಯಾಳ.”

ಕೇಳುತ್ತಿರುವವಳು ಯಾರೆಂದು ನಾವಾರೂ ಕೇಳಲಿಲ್ಲ. ಸಂಜೆ ಮಣಿಯನ್ನು ಗುಂಡಿಗೆ ಹಾಕಿ ಬಂದೆವು. ಬೆಳಿಗ್ಗೆ ಬೀಗ ತೆಗೆದರೆ ತಟ್ಟೆಯಲ್ಲಿತ್ತು. ಕಾಲುವೆಗೆ ಎಸೆದರೂ ಮರಳಿ ಬಂತು, ಒದ್ದೆಯಾಗಿ. ಅತ್ತ ಮೇಘಾ ಜ್ವರ ಹಿಡಿದು ಮಲಗಿದ್ದಳು. ಕಣ್ಣು ಮುಚ್ಚಿದ್ದರೂ ಅವಳ ಬೆರಳುಗಳು ಹೊದಿಕೆಯ ಮೇಲೆ ಇಲ್ಲದ ಮಣ್ಣಿನಿಂದ ಮಣಿ ಉರುಳಿಸುತ್ತಿದ್ದವು, ನಾವು ಕಲಿಸದ ಯಾವುದೋ ಆಕಾರದಲ್ಲಿ. ಅದನ್ನು ನೋಡಿ ಬಂದ ಅಕ್ಕಾರು, ಯಾರಾದರೂ ಹಾಕಿಕೊಳ್ಳದ ಹೊರತು ಇದು ಸುಮ್ಮನಾಗದೆಂದು, ಮಣಿಯನ್ನು ಕರಿದಾರದಲ್ಲಿ ಪೋಣಿಸಿ ತಮ್ಮ ಕೊರಳಿಗೇ ಕಟ್ಟಿಕೊಂಡರು. ಆ ಸಂಜೆ ಮೇಘಾ ಎದ್ದು ಕುಳಿತು ಅನ್ನ ಕೇಳಿದಳು.

ಮಣಿ ಮತ್ತೆ ಅಲೆಯಲಿಲ್ಲ. ಆದರೆ ಪಾಠದ ನಡುವೆ ಅಕ್ಕಾರು ಬರಿಗೋಡೆಯತ್ತ ತಿರುಗಿ “ತಡಿಯವ್ವಾ, ಮಾಡಾಕತ್ತೀನಿ” ಎನ್ನುವುದನ್ನು ಎಲ್ಲರೂ ಕೇಳಿದ್ದೇವೆ. ಆ ಮಣಿಯೊಡತಿಯ ಸರ ತುಂಬಿಸಲೆಂದು ಅವರು ಮಾಡಿದ ಮಣಿಗಳು, ಎಷ್ಟೇ ಚೆನ್ನಾಗಿ ಬೆಂದಿದ್ದರೂ, ಬೆಳಗಾಗುವುದರೊಳಗೆ ಪುಡಿಯಾಗಿರುತ್ತವೆ. ಇಷ್ಟು ಜನರ ಕೊರಳನ್ನು ಮೆಚ್ಚಿಸಿದ ಕೈಯನ್ನು ಆಕೆ ಇನ್ನೂ ಮೆಚ್ಚಿಲ್ಲ.

ಬೀಳ್ಕೊಡುಗೆಯ ದಿನ, ಹಾರ ಶಾಲುಗಳ ಗದ್ದಲ ಮುಗಿದ ಮೇಲೆ, ಅವರು ನನ್ನನ್ನು ಪಕ್ಕಕ್ಕೆ ಕರೆದರು. “ಅತೀಯಾ, ನಾ ಇರೋತನಕ ಇದು ನನ್ನ ಕೊಳ್ಳಾಗ ಇರ್ತೈತಿ. ಆಮ್ಯಾಲೆ ನಿನ್ನ ತಟ್ಟ್ಯಾಗ ಬರ್ತೈತಿ. ಅಂಜಬ್ಯಾಡ.”

ಅಂಜದಿರುವುದು ನನ್ನಿಂದಾಗದು. ತಟ್ಟೆ ನನ್ನದು, ಅಂದು ಆ ಮಣಿ ಹಿಡಿಯಬೇಕಿದ್ದುದು ನನ್ನ ನಾಲಿಗೆಯನ್ನು.

ಆದ್ದರಿಂದ ಅಕ್ಕಾರು ನೂರು ಕಾಲ ಬಾಳಲಿ, ಅವರ ಕೈ ದಣಿಯದಿರಲಿ, ಆ ಸರ ಅವರಿಂದಲೇ ಪೂರ್ತಿಯಾಗಲಿ ಎಂದು ನಾನು ಬೇಡುವಷ್ಟು ಮನಸಾರೆ ಈ ಪುಸ್ತಕದಲ್ಲಿ ಬೇರಾರೂ ಬೇಡಿರಲಾರರು. ಪ್ರತಿ ಬೆಳಿಗ್ಗೆ ಕೇಂದ್ರದ ಬೀಗ ತೆಗೆದು ಮೊದಲು ತಟ್ಟೆ ನೋಡುತ್ತೇನೆ. ಇಂದೂ ನೋಡಿದೆ. ನಮ್ಮ ಮಣಿಗಳಷ್ಟೇ ಇದ್ದವು. ಒಂದೊಂದನ್ನೂ ಮುಟ್ಟಿ ನೋಡಿದೆ, ಎಲ್ಲವೂ ತಣ್ಣಗಿದ್ದವು.