ಮಾವನ ಲೆಕ್ಕದಲ್ಲಿ ಎಲ್ಲಾ ತೊರಕೆ

ಸೂರತ್ತಿನ ಸಚಿನ್ ಅನ್ನೋ ಏರಿಯಾದಲ್ಲಿ ನನ್ನ ಸೋದರಮಾವನದ್ದು ಮೀನೂಟದ ಹೋಟೆಲ್ ಉಂಟು. ಫ್ಯಾಕ್ಟರಿಗೆ ಹೋಗುವ ನಮ್ಮ ಕರಾವಳಿ ಕಡೆಯವರು, ಮಲಯಾಳಿಗಳು ಬಂದು ಉಣ್ತಾರೆ. ಅಡುಗೆ ನಂದಿತ್ತು. ತೊರಕೆ ಮೀನಿನ ಹುಳಿ-ಖಾರದ ಪುಳಿಮುಂಚಿ ಮಾಡಿದ ದಿನ ಕೂರ್ಲಿಕ್ಕೆ ಜಾಗ ಇರೋದಿಲ್ಲ. ಹಾಗಾಗಿ ಮಾವನಿಗೆ ತೊರಕೆ ಹುಚ್ಚು. ಚಪ್ಪಟೆ ಉಂಟಾ, ಬಾಲ ಉಂಟಾ, ತಕ್ಕೊಂಡು ಬರ್ತಾರೆ. ಇಷ್ಟು ವರ್ಷ ಮೀನೂಟ ಮಾರಿದವರು ಒಂದು ಮೀನಿನ ಮುಖ ಸರಿ ನೋಡಿದವರಲ್ಲ.

ಒಂದು ದಿನ ಮಾವ ರಿಕ್ಷಾದಲ್ಲಿ ತಂದು ಅಡುಗೆಮನೆ ನೆಲಕ್ಕೆ ಹಾಕಿದ್ದು ತೊರಕೆ ಅಲ್ಲ. ತೊರಕೆ ಅಂದ್ರೆ ದೋಸೆ ಕಾವಲಿ ಹಾಗೆ ಅಗಲ, ಬಾಲ ಚಾಟಿ ಹಾಗೆ ಸಪೂರ. ಇದಕ್ಕೆ ಮೂತಿ ಚೂಪು, ಹಿಂದೆ ಶಾರ್ಕಿನ ಹಾಗೆ ದಪ್ಪ ಬಾಲ, ಮೈಮೇಲೆ ಬಿಳಿ ಚುಕ್ಕೆ. ತೊರಕೆಯ ನೆಂಟ, ಅಷ್ಟೇ. ನಾನು ಮಲ್ಪೆಯಲ್ಲಿ ಬೋಟಿಗೆ ಹೋಗ್ತಿದ್ದಾಗ ಮೀನುಗಾರಿಕೆ ಇಲಾಖೆಯವರು ಇದರ ಫೋಟೋ ತೋರಿಸಿ ಹೇಳಿದ್ರು, ಇದು ಮುಗೀತಾ ಬಂದಿದೆ, ಬಲೆಗೆ ಬಿದ್ರೆ ವಾಪಸ್ ಬಿಡಿ, ಕಡಿದ್ರೆ ಹುಲಿ ಕೊಂದಷ್ಟೇ ಕೇಸು ಅಂತ. ಮಾಮೂಲಿ ತೊರಕೆಗೆ ಆ ಕಾನೂನಿಲ್ಲ. ಅದೂ ಮೊದಲಿನಷ್ಟು ಸಿಗೋದಿಲ್ಲ, ಆದ್ರೆ ಹುಲಿ ಲೆಕ್ಕಕ್ಕೆ ಬರ್ಲಿಕ್ಕೆ ಇನ್ನೂ ಸುಮಾರು ಸಾಯ್ಬೇಕು ಕಾಣ್ತದೆ.

"ಮಾವ, ಇದನ್ನು ನಾನು ಕಡಿಯೋದಿಲ್ಲ," ಅಂದೆ.

"ಎಂತಕ್ಕೆ? ನಿನ್ನ ಅಜ್ಜನಾ ಅದು?"

"ಸಿಕ್ಕಿಬಿದ್ರೆ ಜೈಲು."

"ರೆಕ್ಕೆ ತೆಗಿ, ಚರ್ಮ ಸುಲಿ, ತುಂಡು ಮಾಡು. ಮಸಾಲೆಯೊಳಗೆ ಹೋದ ಮೇಲೆ ಯಾವ ಆಫೀಸರಿಗೆ ಗೊತ್ತಾಗ್ತದೆ ಮಾರಾಯ? ಇಲ್ಲಿಯವರು ಮೀನು ಅಂದ್ರೇನೇ ಮೂಗು ಮುಚ್ಕೊಳ್ತಾರೆ."

"ಹಾಗಾದ್ರೆ ಕತ್ತಿ ನೀವೇ ಹಿಡೀರಿ."

ಮಾವ ಕತ್ತಿ ಮುಟ್ಟಲಿಲ್ಲ. ಅವರ ಧೈರ್ಯ ಅಷ್ಟೇ. ಗಲ್ಲಾದಲ್ಲಿ ಕೂರೋದು ಅವರು, ಕಡಿಯೋ ಕೈ ನಂದು. ಪೊಲೀಸ್ ಬಂದ್ರೆ ಯಾರನ್ನು ಎಳ್ಕೊಂಡು ಹೋಗ್ತಾರೆ ಅಂತ ಇಬ್ರಿಗೂ ಗೊತ್ತು. ಅಕ್ಕನ ಮಗ ಅಂತ ನನ್ನನ್ನು ಊರಿಂದ ಕರ್ಕೊಂಡು ಬಂದವರೂ ಅವರೇ.

"ಕಡಿಯೋದಾದ್ರೆ ಕಡಿ, ಇಲ್ಲಾಂದ್ರೆ ಬ್ಯಾಗ್ ತಕ್ಕೊ," ಅಂದ್ರು. ತಕ್ಕೊಂಡೆ.

ಈಗ ವಡೋದರಾದ ಗೋರ್ವಾದಲ್ಲಿ ಒಂದು ವೆಜ್ ಹೋಟೆಲಲ್ಲಿ ದೋಸೆ ಹುಯ್ತೇನೆ. ಮಾವ ಅವತ್ತು ಬೇರೆ ಯಾರನ್ನೋ ಕರೆಸಿ ಕಡಿಸಿದ್ರಂತೆ. ಉಂಡವರು ತೊರಕೆ ಇವತ್ತು ಭಾರೀ ಲಾಯ್ಕಾಗಿದೆ ಅಂದ್ರಂತೆ. ಅದು ಸತ್ತೇ ಬಂದಿತ್ತು, ನಾನು ಕಡಿಯದೆ ಬಿಟ್ಟದ್ರಿಂದ ಅದಕ್ಕೆಂತ ಲಾಭ ಆಗ್ಲಿಲ್ಲ.

ಮೊನ್ನೆ ಅಮ್ಮ ಫೋನ್ ಮಾಡಿ, "ತಪ್ಪಾಯ್ತು ಅನ್ನು, ಮಾವ ವಾಪಸ್ ಕರೀತಾರೆ. ಅವರಿಗೆ ಅಡುಗೆಯವನು ಬೇಕಂತೆ," ಅಂದ್ಳು.

"ಅವರಿಗೆ ಬೇಕಾದ್ದು ಅಡುಗೆಯವನಲ್ಲ, ಜೈಲಿಗೆ ಹೋಗ್ಲಿಕ್ಕೆ ಒಬ್ಬ," ಅಂದು ಫೋನ್ ಇಟ್ಟೆ.