ನಾಲ್ಕು ಮಗ್ಗದ ಮನೆಯ ನುಡಿಚಿತ್ರ

ಎಂಬತ್ತರ ದಶಕದಲ್ಲಿ ನಾನು ಕೊಯಮತ್ತೂರಿನಿಂದ ಕನ್ನಡ ವಾರಪತ್ರಿಕೆಯೊಂದಕ್ಕೆ ಬರೆಯುತ್ತಿದ್ದೆ. ಸುದ್ದಿಯಲ್ಲಿ ಒಂದು ಹೆಸರು ತಪ್ಪಿದರೂ ಮುಂದಿನ ವಾರ ತಿದ್ದುಪಡಿ ಹಾಕುತ್ತಿದ್ದರು. ನುಡಿಚಿತ್ರಕ್ಕೆ ಆ ಕಾಟವಿರಲಿಲ್ಲ. ಸಂಪಾದಕರ ಬಳಿ ಅದರ ಅಚ್ಚುಗಳು ಮೊದಲೇ ತಯಾರಿದ್ದವು: ಬಡತನದಲ್ಲಿ ಅರಳಿದ ಪ್ರತಿಭೆ, ಎಲ್ಲರೂ ಮರೆತ ಹಿರಿಯರು, ನಶಿಸುತ್ತಿರುವ ಕಲೆ. ಊರನ್ನೂ ಮನುಷ್ಯನನ್ನೂ ತುಂಬಿಕೊಡುವುದಷ್ಟೇ ನಮ್ಮ ಕೆಲಸ. ಆ ವರ್ಷದ ದೀಪಾವಳಿ ವಿಶೇಷಾಂಕಕ್ಕೆ ನಶಿಸುತ್ತಿರುವ ಕಲೆ ಬೇಕೆಂದು ಕಾಗದ ಬಂತು.

ಕೊಯಮತ್ತೂರಿಗೆ ಹತ್ತಿರದ ಸಿರುಮುಗೈಯಲ್ಲಿ ನನಗೆ ಪರಿಚಯದ ನೇಕಾರರೊಬ್ಬರಿದ್ದರು. ತಲೆಮಾರುಗಳಿಂದ ಅಲ್ಲೇ ನೆಲೆಸಿದ ಮನೆತನ. ಮನೆಯೊಳಗೆ ಕನ್ನಡ, ಓದಲು ಬರುವುದು ತಮಿಳು ಮಾತ್ರ. ಹಜಾರದಲ್ಲಿ ನಾಲ್ಕು ಮಗ್ಗಗಳ ಸದ್ದಿಗೆ ನಮ್ಮ ಮಾತೇ ಕೇಳುತ್ತಿರಲಿಲ್ಲ. ಕಲೆ ನಶಿಸುವ ಲಕ್ಷಣ ಎಲ್ಲೂ ಕಾಣದೆ, ನನ್ನ ಜೊತೆ ಬಂದಿದ್ದ ಛಾಯಾಗ್ರಾಹಕ ಹಿತ್ತಲಿಗೆ ಹೋದ. ಕೋಳಿಗಳು ಮಲಗುತ್ತಿದ್ದ ಮುರುಕು ಮಗ್ಗ ಸಿಕ್ಕಿತು. ಅಂಗಿ ಬಿಚ್ಚಿ ಅದರ ಮುಂದೆ ಕೂರಲು ನೇಕಾರರಿಗೆ ಹೇಳಿದ. ಅವರು ನಗುತ್ತ ಕೂತರು, ನಗಬೇಡಿ ಎಂದ.

"ಹೊಸ ಅಂಗಿ ಪೆಟ್ಟಿಗೇಲಿ ಇಟ್ಟು ಕೋಳಿ ಕಾಯೋನ ಥರ ಕೂತವ್ರೆ," ಎಂದು ಅವರ ಹೆಂಡತಿ ಬಾಗಿಲಿನಿಂದಲೇ ಚುಚ್ಚಿದರು. ನಾನು ಪಕ್ಕದಲ್ಲೇ ಇದ್ದೆ. ಬೇಡ ಅನ್ನಲಿಲ್ಲ.

ನಾಲ್ಕು ಮಗ್ಗಗಳ ಸಂಗತಿಯನ್ನು ಬರೆದೇ ಕಳಿಸಿದ್ದೆ. ಅಚ್ಚಿನಲ್ಲಿ ಅವು ಇರಲಿಲ್ಲ. ಬದಲಿಗೆ ನಿಂತುಹೋದ ಲಾಳಿ, ಹೊತ್ತದ ಒಲೆ, ಮಗಳ ಮದುವೆ ಮಾಡಲಾಗದೆ ಬಸವಳಿದ ತಂದೆ. ಕೆಳಗೆ ನನ್ನ ಹೆಸರು.

ಪತ್ರಿಕೆ ಕಚೇರಿಯಿಂದ ನೇರವಾಗಿ ಅವರಿಗೂ ಒಂದು ಪ್ರತಿ ಹೋಗಿತ್ತು. ಅವರು ಫೋಟೋವನ್ನು ಬೀದಿಗೆಲ್ಲ ತೋರಿಸಿ, ಆಮೇಲೆ ಪತ್ರಿಕೆಯನ್ನು ಕೊಳ್ಳೇಗಾಲದ ಕಡೆಯ ಗಂಡಿನ ಮನೆಗೆ ಅಂಚೆಯಲ್ಲಿ ಕಳಿಸಿಬಿಟ್ಟರು. ಮಗಳ ಸಂಬಂಧದ ಮಾತು ಅಲ್ಲಿ ನಡೆದಿತ್ತು. ಕನ್ನಡನಾಡಿನ ಪತ್ರಿಕೆಯಲ್ಲಿ ಬಂದ ಮನೆತನವೆಂದು ಬೀಗರಾಗುವವರಿಗೆ ತಿಳಿಯಲಿ ಎಂದು.

ಹತ್ತು ದಿನಕ್ಕೆ ಪತ್ರಿಕೆ ಒಂದು ಕಾಗದದೊಂದಿಗೆ ವಾಪಸಾಯಿತು. ಎರಡನ್ನೂ ಹಿಡಿದು ಅವರು ನನ್ನ ಮನೆಗೆ ಬಂದರು. "ಓದಣ್ಣ," ಎಂದರು. ಒಲೆ ಹೊತ್ತದ ಮನೆಯಿಂದ ಹೆಣ್ಣು ತರಲಾರೆವು ಎಂದು ಕಾಗದದಲ್ಲಿತ್ತು. ಲೇಖನವನ್ನೂ ಓದಿಸಿದರು.

"ಅವತ್ತು ನೀವು ನಮ್ಮನೇಲಿ ಎರಡು ಸಲ ಉಂಡ್ರಲ್ಲಣ್ಣ," ಎಂದರು ಕೊನೆಗೆ.

ತಿದ್ದುಪಡಿ ಹಾಕಿ ಎಂದು ಸಂಪಾದಕರಿಗೆ ಬರೆದೆ. ತಿದ್ದುಪಡಿ ಸುದ್ದಿಗೆ, ನುಡಿಚಿತ್ರ ಭಾವಕ್ಕೆ ಸಂಬಂಧಿಸಿದ್ದು ಎಂದು ಉತ್ತರ ಬಂತು. ಗಂಡಿನ ತಂದೆಗೂ ಬರೆದು, ಒಮ್ಮೆ ಬಂದು ನೋಡಿ ಎಂದು ಬೇಡಿಕೊಂಡೆ. ಬಂದರು. ನಾಲ್ಕು ಮಗ್ಗವನ್ನೂ ಕಣ್ಣಾರೆ ನೋಡಿ, ಇವನ್ನು ಯಾರ ಮನೆಯಿಂದ ತಂದು ಹೂಡಿದಿರಿ ಎಂದು ಕೇಳಿದರು. ಪತ್ರಿಕೆಯವರು ಫೋಟೋ ಸಮೇತ ಸುಳ್ಳು ಬರೆಯುತ್ತಾರೆಯೇ ಎಂಬುದು ಅವರ ವಾದ. ಕೊಟ್ಟ ಕಾಫಿ ಮುಟ್ಟದೆ ಎದ್ದುಹೋದರು. ಸಂಬಂಧ ಅಲ್ಲಿಗೆ ಮುರಿಯಿತು.

ಆ ತಿಂಗಳೇ ಸಂಪಾದಕರ ಮತ್ತೊಂದು ಕಾಗದ. ಓದುಗರು ಕಣ್ಣೀರಿಟ್ಟಿದ್ದಾರಂತೆ, ಬಡ ನೇಕಾರನ ಮಗಳ ಮದುವೆ ಏನಾಯಿತು ಎಂದು ಮುಂದುವರಿದ ನುಡಿಚಿತ್ರ ಬೇಕಂತೆ. ನಾಲ್ಕೇ ಸಾಲು ಬರೆದೆ. ಆ ಮನೆಯಲ್ಲಿ ನಾಲ್ಕು ಮಗ್ಗ ನಡೆಯುತ್ತಿವೆ. ಒಲೆ ದಿನವೂ ಹೊತ್ತುತ್ತದೆ. ಮಗಳಿಗೆ ಗೊತ್ತಾಗಲಿದ್ದ ಸಂಬಂಧ ತಪ್ಪಿತು. ತಪ್ಪಿಸಿದ್ದು ನಮ್ಮ ವಿಶೇಷಾಂಕ.

ಅದು ಹಿಂದಿರುಗಿ ಬಂತು. ಭಾವ ಸಾಲದು ಎಂದು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದರು.