ಒಳಗಿನಿಂದ ಬಿದ್ದ ಚಿಲಕ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಬಾಗಿಲಕ್ಕ ತೋಳು ಮೇಲೇರಿಸಿಕೊಂಡು ಇಟ್ಟಿಗೆ ಎತ್ತಿಕೊಡುತ್ತಿದ್ದಾರೆ. ಗಾರೆ ಮೇಸ್ತ್ರಿ ತಲೆ ತಗ್ಗಿಸಿಕೊಂಡು, ನಿನ್ನೆ ಸಂಜೆ ತಾನೇ ಒಡೆದ ತನ್ನ ಮನೆಯ ಬಚ್ಚಲಿನ ಗೋಡೆಯನ್ನು ಮತ್ತೆ ಕಟ್ಟುತ್ತಿದ್ದಾನೆ. ಅದೂ ಮೊದಲಿನಷ್ಟೇ ಇಕ್ಕಟ್ಟಾಗಿ!

"ಎಂಜಿನಿಯರ್ ನೋಡೋ ಮುಂಚೆ ಕೆಲಸ ಶುರು ಮಾಡಿದ್ರೆ ಅನುದಾನ ಸಿಗಲ್ಲ ಅಂತ ಬಡ್ಕೊಂಡಿದ್ದೆನಲ್ಲೋ ಪುಣ್ಯಾತ್ಮ!"

"ತಡ್ಕೊಳ್ಳೋಕಾಗ್ಲಿಲ್ಲ ಅಕ್ಕಾ. ಊರೋರ ಮನೆಗೆಲ್ಲ ಬಾಗಿಲು ಕೂರಿಸ್ತೀನಿ. ನನ್ನ ಹೆಂಡ್ತಿ ನೋಡಿದ್ರೆ ಅಡುಗೆಮನೆ ಮೂಲೇಲಿ ಪರದೆ ಕಟ್ಕೊಂಡು ಸ್ನಾನ ಮಾಡ್ತಾಳೆ."

ಹೆಂಡತಿ ಟೈಲರ್. ಅಪಘಾತದಲ್ಲಿ ಕಾಲಿನ ಬಲ ಹೋದ ಮೇಲೆ ಗಾಲಿಕುರ್ಚಿ ಬಂತು. ಬಚ್ಚಲಿನ ಬಾಗಿಲಲ್ಲಿ ಅದು ತೂರುವುದಿಲ್ಲ. ಅಂಗವಿಕಲರ ಮನೆ ಮಾರ್ಪಾಡಿಗೆ ಸರ್ಕಾರ ಹಣ ಕೊಡುತ್ತದೆಂದು ತಿಳಿಸಿ, ಕಚೇರಿ ಅಲೆದು, ಅರ್ಜಿಯ ಬೆನ್ನು ಹತ್ತಿ ಇಲ್ಲಿಯವರೆಗೆ ತಂದವರು ಬಾಗಿಲಕ್ಕ. ಇಲಾಖೆಯಲ್ಲಿ ಗುತ್ತಿಗೆ ನೌಕರಿ, ದಿನಕ್ಕೆ ಮೂರ್ನಾಲ್ಕು ಮನೆ, ಸವೆದ ಚಪ್ಪಲಿ. ಇಂಥ ಮನೆಗಳ ಬಾಗಿಲು ಅಗಲ ಮಾಡಿಸಿ ಮಾಡಿಸಿ ಊರಿಗೆಲ್ಲ ಬಾಗಿಲಕ್ಕ ಆಗಿದ್ದಾರೆ; ಹೆತ್ತವರಿಟ್ಟ ಹೆಸರು ಅವರಿಗೇ ಮರೆತಂತಿದೆ.

"ಲಕ್ವ ಹೊಡೆದ ಅಪ್ಪನ್ನ ನಾನೇ ಎತ್ಕೊಂಡು ಬಚ್ಚಲಿಗೆ ಹೋಗ್ತಿದ್ದೆ. ಮಗಳ ಮುಂದೆ ಹೀಗಾಯ್ತಲ್ಲ ಅಂತ ಕಣ್ಣು ಮುಚ್ಕೊಳ್ಳೋರು. ಇಂಥ ಅನುದಾನ ಇದೆ ಅಂತ ಹೇಳೋಕೆ ಒಂದು ನರಪಿಳ್ಳೆಯೂ ಇರ್ಲಿಲ್ಲ" ಎನ್ನುವಾಗ ಅವರ ದನಿ ಗಡುಸಾಗುತ್ತದೆ.

ಎಂಜಿನಿಯರ್ ಬರುತ್ತಾರೆ. ಹಸಿ ಗಾರೆ ಮುಟ್ಟಿ ಹುಬ್ಬೇರಿಸುತ್ತಾರೆ. ಮೇಸ್ತ್ರಿ ಕರಣೆಯನ್ನು ಬೆನ್ನ ಹಿಂದೆ ಸರಿಸುತ್ತಾನೆ.

"ನಿನ್ನೆ ಒಡೆದಿದ್ದ ಸಾರ್, ಬೆಳಿಗ್ಗೆ ನಾನೇ ಕಟ್ಟಿಸ್ದೆ." ಬಾಗಿಲಕ್ಕ ಮುಚ್ಚುಮರೆ ಮಾಡುವುದಿಲ್ಲ. "ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ಹಾಗೆ. ಮೋಸ ಏನಿಲ್ಲ. ತೊಂದರೆ ಹಂಗೇ ಇದೆ, ನೀವೇ ನೋಡಿ."

ಟೈಲರ್ ಕುರ್ಚಿ ನೂಕಿಕೊಂಡು ಬರುತ್ತಾಳೆ. ಗಾಲಿ ಚೌಕಟ್ಟಿಗೆ ಬಡಿಯುತ್ತದೆ. ಅವಳು ಬಿಡುವುದಿಲ್ಲ, ಇನ್ನೊಮ್ಮೆ ನೂಕುತ್ತಾಳೆ.

"ಸಾಕಮ್ಮ, ಸಾಕು." ಎಂಜಿನಿಯರ್ ಟೇಪು ಬಿಚ್ಚುತ್ತಾರೆ. "ಆದೇಶ ಬರೋವರೆಗೂ ಈ ಮಹಾರಾಯನ ಸುತ್ತಿಗೆ ನಿಮ್ಮ ಹತ್ರಾನೇ ಇರ್ಲಿ, ಬಾಗಿಲಕ್ಕ!"

ಸುತ್ತಿಗೆ ಅವರ ಚೀಲ ಸೇರುತ್ತದೆ. ಅನುದಾನ ಮಂಜೂರಾದ ದಿನ ಅದನ್ನು ಅವರೇ ತಂದು ಮೇಸ್ತ್ರಿಯ ಕೈಗಿಡುತ್ತಾರೆ.

ಈಗ ಬಾಗಿಲು ಅಗಲವಾಗಿದೆ. ಗೋಡೆಗೆ ಹಿಡಿದುಕೊಳ್ಳಲು ಕಂಬಿ ಬಂದಿದೆ, ಚಿಲಕ ಕುಳಿತವರ ಕೈಗೆಟುಕುತ್ತದೆ. ಟೈಲರ್ ಒಬ್ಬಳೇ ಒಳಗೆ ಹೋಗುತ್ತಾಳೆ. ರೂಢಿಯಂತೆ ಗಂಡ ಹಿಂದೆಯೇ ಹೊರಟರೆ, ಬಾಗಿಲಕ್ಕ ರಟ್ಟೆ ಹಿಡಿದು ನಿಲ್ಲಿಸುತ್ತಾರೆ. ಒಳಗಿನಿಂದ ಚಿಲಕ ಬೀಳುತ್ತದೆ.

"ಈ ಸದ್ದು ಕೇಳೋಕೇ ನಾನು ಬರೋದು" ಎನ್ನುತ್ತಾ ಅವರು ಚಪ್ಪಲಿ ಮೆಟ್ಟುತ್ತಾರೆ. "ನಮ್ಮಪ್ಪನಿಗೆ ಈ ಭಾಗ್ಯ ಕೊಡೋಕಾಗ್ಲಿಲ್ಲ. ಇನ್ನೆಷ್ಟು ಮನೇಲಿ ಕೇಳಿಸುತ್ತೋ, ಅಷ್ಟೂ ಅವರ ಲೆಕ್ಕಕ್ಕೇ."